ಆ ಎಕ್ಸೆಲ್ ಶೀಟಿನಲ್ಲಿ ಹೆಂಡತಿಯ ಆಯಸ್ಸು ಎಲ್ಲಿದೆ?

ಅಮೆರಿಕದಲ್ಲಿ ದುಡಿದು ಈಗ ಅರವತ್ತರ ಆಸುಪಾಸಿನಲ್ಲಿರುವ ನಮ್ಮ ಕನ್ನಡದ ದಂಪತಿಗಳು ಸೋಶಿಯಲ್ ಸೆಕ್ಯೂರಿಟಿ, ಅಂದರೆ ಅಲ್ಲಿನ ಸರ್ಕಾರಿ ಪಿಂಚಣಿ, ಯಾವಾಗ ತೆಗೆಯಬೇಕೆಂದು ನನ್ನ ಬಳಿ ಕೇಳಲು ಬಂದರೆ, ಗಂಡನ ಬಳಿ ಒಂದು ಎಕ್ಸೆಲ್ ಶೀಟ್ ಇದ್ದೇ ಇರುತ್ತದೆ. 62ಕ್ಕೆ ತಗೊಂಡರೆ ಇಷ್ಟು, 70ರವರೆಗೆ ಕಾದರೆ ಇಷ್ಟು, ಎಂಬತ್ತು ದಾಟಿದರೆ ಮಾತ್ರ ಕಾದದ್ದಕ್ಕೆ ಲಾಭ. ಗುಣಾಕಾರದಲ್ಲಿ ತಪ್ಪಿಲ್ಲ. ಆದರೆ ಅವರು ಕಣ್ಣು ಮುಚ್ಚಿದ ದಿನಕ್ಕೇ ಶೀಟು ಮುಗಿದುಹೋಗುತ್ತದೆ. ಪಕ್ಕದಲ್ಲಿ ಕೂತ ಹೆಂಡತಿ ಆಮೇಲೆ ಎಷ್ಟು ವರ್ಷ ಬಾಳಬೇಕು ಎಂಬುದಕ್ಕೆ ಅಲ್ಲಿ ಒಂದು ಕಾಲಮ್ಮೂ ಇಲ್ಲ. ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇಬ್ಬರಲ್ಲಿ ಒಬ್ಬರು ತೀರಿಕೊಂಡ ಮೇಲೆ ಮನೆಗೆ ಎರಡು ಚೆಕ್ ಬರುವುದಿಲ್ಲ. ದೊಡ್ಡದು ಉಳಿಯುತ್ತದೆ, ಚಿಕ್ಕದು ನಿಲ್ಲುತ್ತದೆ. ಆದ್ದರಿಂದ ಹೆಚ್ಚು ಗಳಿಸಿದವರ ಚೆಕ್ ಇಬ್ಬರಲ್ಲಿ ಕೊನೆಯವರು ಇರುವವರೆಗೂ ಬರುವಂಥದ್ದು. ಅದನ್ನು ಒಬ್ಬರ ಆಯಸ್ಸಿನಿಂದ ಅಳೆಯಬೇಡಿ.

1960ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಪೂರ್ಣ ನಿವೃತ್ತಿ ವಯಸ್ಸು 67. ಆಗ ಗಂಡನಿಗೆ ತಿಂಗಳಿಗೆ 3,000 ಡಾಲರ್ ಬರುತ್ತದೆ ಎನ್ನಿ. 62ಕ್ಕೇ ತೆಗೆದರೆ 2,100. 70ಕ್ಕೆ ತೆಗೆದರೆ 3,720. ಮುಂದೆ ಅವರು ತೀರಿಕೊಂಡರೆ, 67 ದಾಟಿದ ಹೆಂಡತಿಗೆ ಮೊದಲನೆಯದರಲ್ಲಿ ಸಿಗುವುದು ಮೂಲ ಮೊತ್ತದ (67ಕ್ಕೆ ಬರಬೇಕಿದ್ದ 3,000ದ) ಶೇ. 82.5, ಅಂದರೆ 2,475. ಎರಡನೆಯದರಲ್ಲಿ ಇಡೀ 3,720. ತಿಂಗಳಿಗೆ 1,245 ಡಾಲರ್ ವ್ಯತ್ಯಾಸ, ಅದೂ ಬೆಲೆಯೇರಿಕೆಯ ಹೊಂದಾಣಿಕೆಯನ್ನು ಬಿಟ್ಟು.

ಒಬ್ಬರು ಹಿರಿಯರು ಹಟ ಹಿಡಿದಿದ್ದರು: "ನಮ್ಮ ಮನೆಯ ಗಂಡಸರು ಎಪ್ಪತ್ತು ಕಂಡವರಲ್ಲ. ನಾನ್ಯಾಕೆ ಕಾಯಲಿ?" ಅವರ ಪತ್ನಿ ಎಚ್-4 ವೀಸಾದಲ್ಲಿ, ಅಂದರೆ ಕೆಲಸಕ್ಕೆ ಹೋದ ಗಂಡನ ಅವಲಂಬಿತೆಯಾಗಿ, ಬಂದವರು, ಕೆಲಸಕ್ಕೆ ಅನುಮತಿ ಇಲ್ಲದ ಕಾಲದಲ್ಲಿ ಮಕ್ಕಳನ್ನು ಬೆಳೆಸಿದವರು, ಸ್ವಂತ ಪಿಂಚಣಿಗೆ ಬೇಕಾದ 40 ಕ್ರೆಡಿಟ್ (ಸುಮಾರು ಹತ್ತು ವರ್ಷದ ದುಡಿಮೆ) ಅವರಿಗೆ ಆಗಿರಲಿಲ್ಲ. ನಾನು ಹೇಳಿದೆ: ನೀವು ಬೇಗ ಹೋಗುವ ಭಯವಿದ್ದರೆ ಇವರು ಒಂಟಿಯಾಗಿ ಬಾಳುವ ವರ್ಷಗಳು ಹೆಚ್ಚು, ಕಾಯಲು ಅದೇ ಕಾರಣ. ಅರ್ಜಿ ಹಾಕುವ ಮೊದಲೇ ತೀರಿಕೊಂಡರೆ ಎಲ್ಲ ಹೋಯಿತು ಎಂದು ಅವರು ತಿಳಿದಿದ್ದರು. ಹಾಗಿಲ್ಲ. 67ರ ನಂತರ ಕಾದ ತಿಂಗಳುಗಳ ಹೆಚ್ಚಳ ಸಾವಿನವರೆಗೆ ಲೆಕ್ಕಕ್ಕೆ ಬಂದು ಹೆಂಡತಿಗೆ ಸೇರುತ್ತದೆ. ಪತ್ನಿ ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. "ಇದನ್ನ ಕನ್ನಡದಲ್ಲಿ ಬರೆದುಕೊಡ್ತೀರಾ?" ಎಂದರು. ಬರೆದುಕೊಟ್ಟೆ.

ಕಾಯುವುದಕ್ಕೂ ಬೆಲೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಗಂಡ ಅರ್ಜಿ ಹಾಕುವವರೆಗೆ ಹೆಂಡತಿಗೆ ಸಂಗಾತಿಯ ಪಾಲು, ಅಂದರೆ ಅವರು ಬದುಕಿರುವಾಗಲೇ ಅವರ ದುಡಿಮೆಯ ಮೇಲೆ ಬರುವ ಹಣ, ಸಿಗದು. ಆ ಪಾಲು ಹೆಚ್ಚೆಂದರೆ ಗಂಡನ ಮೂಲ ಮೊತ್ತದ ಅರ್ಧ, ಇಲ್ಲಿ 1,500. ಆಕೆಯ 67ರ ನಂತರ ಅದು ಬೆಳೆಯುವುದೂ ಇಲ್ಲ. ಹಾಗಾಗಿ ಹೆಂಡತಿಯೇ ಹಿರಿಯಳಾಗಿದ್ದರೆ, ಅಥವಾ ಇಬ್ಬರ ಆರೋಗ್ಯವೂ ಕೆಟ್ಟಿದ್ದರೆ, ಕೈಯಲ್ಲಿ ಬೇರೆ ಉಳಿತಾಯವೇ ಇಲ್ಲದಿದ್ದರೆ ನನ್ನ ಸಲಹೆ ಬೇರೆಯಾಗಬಹುದು. ಹೆಂಡತಿಗೆ ಸ್ವಂತದ ಚಿಕ್ಕ ಪಿಂಚಣಿ ಇದ್ದರೆ ಅದನ್ನು 62ಕ್ಕೇ ತೆಗೆಯುವುದು ಎಷ್ಟೋ ಸಲ ಸರಿ: ತಿಂಗಳ ಮೊತ್ತ ಕಡಿಮೆಯಾಗುತ್ತದೆ, ನಿಜ, ಆದರೆ ಆ ಕಡಿತ ಮುಂದೆ ಗಂಡನ ಕಡೆಯಿಂದ ಬರುವ ವಿಧವಾ ಪಿಂಚಣಿಗೆ ತಟ್ಟುವುದಿಲ್ಲ.

ಈಗಾಗಲೇ 62ಕ್ಕೆ ತೆಗೆದುಕೊಂಡವರು ಕಂಗಾಲಾಗಬೇಕಿಲ್ಲ. ಮಂಜೂರಾಗಿ 12 ತಿಂಗಳೊಳಗಿದ್ದರೆ, ಬಂದ ಹಣವನ್ನೆಲ್ಲ ಮರಳಿಸಿ ಅರ್ಜಿಯನ್ನು ಒಮ್ಮೆ ಹಿಂಪಡೆಯಬಹುದು. ಅವಧಿ ಮೀರಿದ್ದರೆ 67ಕ್ಕೆ ಪಾವತಿ ನಿಲ್ಲಿಸಲು ಕೇಳಿ; 70ರವರೆಗೆ ವರ್ಷಕ್ಕೆ ಶೇ. 8ರಂತೆ ಬೆಳೆಯುತ್ತದೆ, ಆದರೆ ಆ ಅವಧಿಯಲ್ಲಿ ನಿಮ್ಮ ಮೇಲೆ ಹೆಂಡತಿ ಪಡೆಯುವ ಪಾಲೂ ನಿಲ್ಲುತ್ತದೆ. ಸೋಶಿಯಲ್ ಸೆಕ್ಯೂರಿಟಿ ಕಚೇರಿಗೆ ಫೋನ್ ಮಾಡುವ ಮುನ್ನ ಆಕೆಯೊಂದಿಗೆ ಕೂತು ಮಾತಾಡಿ.