ನಿಂಫ್ ಹೊಟ್ಟೆಯೊಳಗಿನ ತೂಕ

ಎರೆಹುಳು ಸಿಕ್ಕಿಸಿ ಗಾಳ ಹಾಕಿ ಬೆಳೆದವರಿಗೆ ಈ ಜಗಳ ವಿಚಿತ್ರ ಅನ್ನಿಸಬಹುದು. ಕೊಕ್ಕೆಗೆ ಗರಿ, ದಾರ ಸುತ್ತಿ ಮಾಡಿದ ಹುಸಿ ಹುಳು, ಅಂದರೆ ಫ್ಲೈ, ನೀರಿನ ಮೇಲೆ ತೇಲಬೇಕೋ, ಒಳಗೆ ಮುಳುಗಬೇಕೋ ಅಂತ ಇಂಗ್ಲೆಂಡಿನಲ್ಲಿ ಟ್ರೌಟ್ ಎಂಬ ಮೀನಿನ ಬೇಟೆಗಾರರು ದಶಕಗಟ್ಟಲೆ ಕಿತ್ತಾಡಿದರು.

ತೇಲುವ ಫ್ಲೈ ಮಾತ್ರ ಸರಿ ಅನ್ನುವ ಬಣಕ್ಕೆ ಫ್ರೆಡರಿಕ್ ಹ್ಯಾಲ್ಫರ್ಡ್ ಗುರು. 1886ರ ಅವರ ಪುಸ್ತಕ ಆ ಪಂಥಕ್ಕೆ ಶಾಸ್ತ್ರವೇ ಆಯಿತು. ಆದರೆ ಟ್ರೌಟ್ ಊಟದ ಬಹುಪಾಲು ಸಿಗುವುದು ನೀರಿನೊಳಗೆ. ಮೇಫ್ಲೈಯಂಥ ಹುಳುಗಳು ರೆಕ್ಕೆ ಬರುವ ತನಕ ಅಲ್ಲೇ ಇರುತ್ತವೆ. ಆ ಮರಿಯೇ ನಿಂಫ್. ಅದರ ಹಾಗೆ ಕಟ್ಟಿದ ಮುಳುಗುವ ಫ್ಲೈಗೂ ಅದೇ ಹೆಸರು. ಲಂಡನ್ನಿನ ವಕೀಲ ಜಿ.ಇ.ಎಂ. ಸ್ಕ್ಯೂಸ್ ಇದನ್ನು ಪಟ್ಟು ಹಿಡಿದು ತೋರಿಸಿದರು. ಇಚೆನ್ ಹೊಳೆಯಲ್ಲಿ ಹಿಡಿದ ಮೀನಿನ ಹೊಟ್ಟೆಯಲ್ಲಿ ಏನಿದೆ ಅಂತ ನೋಡಲು ಅವರು ಬಳಸಿದ್ದು ಮೂಳೆಯ ಮಜ್ಜೆ ತೆಗೆಯುವ ಚಮಚ! 1910ರಲ್ಲಿ ಪುಸ್ತಕ ಬರೆದರು. ತೇಲುವ ಫ್ಲೈ ಬಣದವರು ರೇಗಿದರು. 1938ರಲ್ಲಿ ಮೀನು ಬೇಟೆಗಾರರ ಸಂಘವಾದ ಫ್ಲೈಫಿಶರ್ಸ್ ಕ್ಲಬ್ಬಿನಲ್ಲಿ ನಿಂಫ್ ಬಳಸುವುದರ ಮೇಲೆ ಚರ್ಚೆಯೇ ನಡೆಯಿತು. ಆಗ ಸ್ಕ್ಯೂಸ್ ಅವರಿಗೆ ಎಂಬತ್ತರ ಹತ್ತಿರ.

ತಮಾಷೆ ಏನೆಂದರೆ, ಇಷ್ಟೆಲ್ಲ ಬೈಸಿಕೊಂಡ ಸ್ಕ್ಯೂಸ್ ನಿಂಫ್‌ಗೆ ತೂಕವೇ ಇರಲಿಲ್ಲ. ನೀರಿನ ಮೇಲ್ಪದರದ ಸ್ವಲ್ಪ ಕೆಳಗೆ ಹೋಗುತ್ತಿತ್ತು, ಅಷ್ಟೇ.

ತೂಕ ತಂದವರು ವಿಲ್ಟ್‌ಶೈರಿನ ಏವನ್ ಹೊಳೆ ಕಾಯುತ್ತಿದ್ದ ಫ್ರಾಂಕ್ ಸಾಯರ್. ಅವರು ದಾರವನ್ನೇ ಬಿಟ್ಟರು. ತೆಳ್ಳಗಿನ ತಾಮ್ರದ ತಂತಿಯಿಂದಲೇ ಫೆಸೆಂಟ್ ಹಕ್ಕಿಯ ಬಾಲದ ಗರಿಯನ್ನು ಕೊಕ್ಕೆಗೆ ಸುತ್ತಿದರು. ಕಟ್ಟುವುದೂ ತಂತಿ, ಮುಳುಗಿಸುವುದೂ ತಂತಿ, ಹುಳುವಿನ ಎದೆಯುಬ್ಬೂ ಅದೇ. ನನಗೆ ಈ ಇಡೀ ಕಥೆಯಲ್ಲಿ ಇದಕ್ಕಿಂತ ಜಾಣತನದ ಕೆಲಸ ಕಾಣುವುದಿಲ್ಲ. ತಂತಿಯ ತೂಕದಿಂದ ನಿಂಫ್ ಬೇಗ ಇಳಿಯುತ್ತದೆ. ಮೀನಿನ ಮುಂದೆ ಬಂದಾಗ ಮೆಲ್ಲಗೆ ಎತ್ತಿದರೆ ಹುಳು ತಪ್ಪಿಸಿಕೊಳ್ಳುತ್ತಿದೆ ಅಂದುಕೊಂಡು ಮೀನು ಗಬಕ್ಕನೆ ಹಿಡಿಯುತ್ತದೆ.

ಪೋಲೆಂಡ್, ಚೆಕ್ ಕಡೆಯ ರಭಸದ ಹೊಳೆಗಳಿಗೆ ಅಷ್ಟು ತಂತಿ ಎಲ್ಲಿ ಸಾಕು? ಅಲ್ಲಿಯವರು ಕೊಕ್ಕೆಗೆ ಸೀಸದ ತಂತಿ ಸುತ್ತಿ, ಒಂದೇ ದಾರಕ್ಕೆ ಎರಡು ಮೂರು ನಿಂಫ್ ಕಟ್ಟಿ, ಕಾಲಬುಡದಲ್ಲೇ ತಳ ಸವರಿಸಿದರು. ಭಾರದ್ದು ಹಗುರವಾದದ್ದನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ಆಮೇಲೆ ಬಂದದ್ದು ಟಂಗ್‌ಸ್ಟನ್ ಎಂಬ ಲೋಹದ ಮಣಿ. ಅಷ್ಟೇ ದೊಡ್ಡ ಹಿತ್ತಾಳೆ ಮಣಿಗಿಂತ ಎರಡು ಪಟ್ಟಿಗೂ ಜಾಸ್ತಿ ಭಾರ, ಸೀಸವನ್ನೂ ಮೀರಿಸುತ್ತದೆ. ಹಾಗಾಗಿ ಸಣ್ಣ ನಿಂಫ್ ಕೂಡ ಆಳಕ್ಕೆ ಇಳಿಯಿತು.

ಹಾಗಾದರೆ ಯಾವುದನ್ನು ಆರಿಸೋದು? ಹೊಸಬರು ಬಣ್ಣ ನೋಡುತ್ತಾರೆ. ನನ್ನ ಕೇಳಿದರೆ ಮೊದಲು ತೂಕ. ನಿಂಫ್ ಆಗಾಗ ತಳದ ಕಲ್ಲಿಗೆ ತಾಗಬೇಕು. ಒಮ್ಮೆಯೂ ತಾಗದಿದ್ದರೆ ಹಗುರವಾಯಿತು, ಪ್ರತಿ ಸಲ ಸಿಕ್ಕಿಕೊಂಡರೆ ಭಾರವಾಯಿತು. ನಿಧಾನ ಹರಿಯುವ ಅರೆಮೊಳದ ನೀರಿಗೆ ಭಾರದ ಮಣಿ ಬಿಟ್ಟರೆ ಪುಳಕ್ ಅನ್ನುವ ಸದ್ದಿಗೇ ಮೀನು ಓಡುತ್ತದೆ. ಅಲ್ಲಿಗೆ ಇವತ್ತಿಗೂ ಸಾಯರ್ ಅವರ ತಾಮ್ರವೇ ಸರಿ. ಒಂದೇ ನಿಂಫನ್ನು ಮೂರು ತೂಕದಲ್ಲಿ ಕಟ್ಟಿಟ್ಟುಕೊಂಡವರು ಗುರುತಿಗೆ ತಲೆಯ ಹತ್ತಿರ ಬೇರೆ ಬೇರೆ ಬಣ್ಣದ ದಾರ ಸುತ್ತುತ್ತಾರೆ.