ನೀರು ಕುಡಿಸಿದಷ್ಟೂ ಬ್ಯಾಗ್ ತುಂಬುತ್ತದೆ, ಬಾಯಾರಿಕೆ ಹೋಗುವುದಿಲ್ಲ. ಏಕೆ?

ಪ್ರಶ್ನೆ: ನಮ್ಮ ತಂದೆಗೆ ಕರುಳಿನ ಆಪರೇಷನ್ ಆಗಿ ಐದು ವಾರ ಆಯಿತು. ಇಲಿಯಾಸ್ಟಮಿ ಮಾಡಿ, ಅಂದರೆ ಸಣ್ಣ ಕರುಳನ್ನು ಹೊಟ್ಟೆಯ ಮೇಲೆ ತೆರೆದು, ಮಲ ಬೀಳಲು ಬ್ಯಾಗ್ ಹಾಕಿದ್ದಾರೆ. ದಿನಕ್ಕೆ ಹತ್ತು-ಹನ್ನೆರಡು ಸಲ ಖಾಲಿ ಮಾಡಬೇಕು, ಬರೀ ನೀರಿನಂತೆ ಬರುತ್ತದೆ. ಒಣಗಬಾರದು ಅಂತ ಮೂರು-ನಾಲ್ಕು ಲೀಟರ್ ನೀರು, ಜೊತೆಗೆ ಎಳನೀರು ಕುಡಿಸುತ್ತಿದ್ದೇವೆ. ಆದರೂ ಬಾಯಾರಿಕೆ, ಸುಸ್ತು, ಎದ್ದು ನಿಂತರೆ ತಲೆಸುತ್ತು. ಇನ್ನೂ ಹೆಚ್ಚು ನೀರು ಕೊಡಬೇಕಾ?

ಉತ್ತರ: ಬೇಡ. ನೀರು ಹೆಚ್ಚಿಸಿದರೆ ಬ್ಯಾಗಿಗೆ ಬರುವುದೂ ಹೆಚ್ಚುತ್ತದೆ. ಅವರಿಗೆ ಸಾಲದೆ ಹೋಗಿರುವುದು ಬಹುಶಃ ಉಪ್ಪು. ಎದ್ದಾಗ ತಲೆಸುತ್ತು ಎಂದಿದ್ದೀರಿ; ಹಾಗಾಗಿ ಇವತ್ತೇ ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಡ್ರಿಪ್ ಬೇಕಾಗಬಹುದು. ಅಲ್ಲಿ ರಕ್ತದ ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಎಂದು ತೋರಿಸುವುದು), ಸೋಡಿಯಂ (ಉಪ್ಪಿನಲ್ಲಿರುವ ಅಂಶ), ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಾರೆ. ಮೂತ್ರದ ಸೋಡಿಯಂ ಕೂಡ ನೋಡಿಸಿ ಎಂದು ನೀವೇ ಕೇಳಿ. ಉಪ್ಪು ಕಡಿಮೆಯಾದಾಗ ಕಿಡ್ನಿ ಇರುವಷ್ಟನ್ನೂ ಬಿಗಿಹಿಡಿಯುತ್ತದೆ. ರಕ್ತದ ರಿಪೋರ್ಟ್ ನಾರ್ಮಲ್ ಬಂದಿದ್ದರೂ ಮೂತ್ರದಲ್ಲಿ ಸೋಡಿಯಂ ಲೀಟರಿಗೆ 20 ಮಿಲಿಮೋಲ್‌ಗಿಂತ ಕೆಳಗಿಳಿದಿದ್ದರೆ ಕೊರತೆ ಇದೆ ಎಂದೇ ಅರ್ಥ.

ಹೀಗಾಗಲು ಕಾರಣವಿದೆ. ಸಣ್ಣ ಕರುಳು ದಾಟಿ ದೊಡ್ಡ ಕರುಳಿಗೆ ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ದ್ರವ ಬರುತ್ತದೆ. ದೊಡ್ಡ ಕರುಳು ಅದರ ನೀರು, ಉಪ್ಪು ಎರಡನ್ನೂ ಹೀರಿ, 100–200 ಮಿ.ಲೀ. ಮಾತ್ರ ಮಲದ ಜೊತೆ ಬಿಡುತ್ತದೆ. ಇಲಿಯಾಸ್ಟಮಿಯಲ್ಲಿ ಆ ಕೆಲಸಗಾರ ರಜೆಯಲ್ಲಿದ್ದಾನೆ. ಸಣ್ಣ ಕರುಳು ಒಂದಿಷ್ಟು ಮಟ್ಟಿಗೆ ಹೊಸ ಕೆಲಸ ಕಲಿಯುತ್ತದೆ, ಆದರೆ ವಾರಗಟ್ಟಲೆ ಹಿಡಿಯುತ್ತದೆ. ಎಲ್ಲ ಹೊಂದಿಕೊಂಡ ಮೇಲೆ ದಿನಕ್ಕೆ 500–800 ಮಿ.ಲೀ., ಗಂಜಿಯ ಹದದಲ್ಲಿ ಬರಬೇಕು. ಒಂದೂವರೆ ಲೀಟರ್ ದಾಟಿದರೆ ಅದು ಹೈ ಔಟ್‌ಪುಟ್. ಹಾಗೆ ಹೊರಹೋಗುವ ಪ್ರತಿ ಲೀಟರಿನಲ್ಲೂ ಸುಮಾರು 6 ಗ್ರಾಂ ಉಪ್ಪು ಹೋಗುತ್ತದೆ. ಆರೋಗ್ಯವಂತರು ಇಡೀ ದಿನಕ್ಕೆ 5 ಗ್ರಾಂ ದಾಟಬಾರದು ಎನ್ನುತ್ತಾರೆ. ಅದಕ್ಕಿಂತ ಹೆಚ್ಚು ಇಲ್ಲಿ ಒಂದೇ ಲೀಟರಿನಲ್ಲಿ ಖರ್ಚು.

ಈಗ ಇಂಥವರು ಒಂದು ಚೊಂಬು ಸಪ್ಪೆ ನೀರು ಕುಡಿದರೆ? ಸಣ್ಣ ಕರುಳಿನ ಮೇಲ್ಭಾಗದ ಗೋಡೆ ಸೋರುವ ಗೋಡೆ. ಒಳಗಿನ ನೀರಿನಲ್ಲಿ ಉಪ್ಪು ಕಡಿಮೆಯಿದ್ದರೆ ರಕ್ತದ ಉಪ್ಪು ಕರುಳಿನೊಳಕ್ಕೆ ಜಾರುತ್ತದೆ, ಅದರ ಹಿಂದೆಯೇ ನೀರು. ಕುಡಿದದ್ದೂ ಹೋಯಿತು, ಮೈಯಲ್ಲಿದ್ದದ್ದೂ ಹೋಯಿತು. ಕಾಫಿ, ಟೀ ಕೂಡ ಇದೇ ಸಾಲಿನವು. ಜ್ಯೂಸ್, ಕೋಲಾಗಳಲ್ಲಿ ಸಕ್ಕರೆ ಜಾಸ್ತಿ. ಅದೂ ನೀರನ್ನು ಕರುಳಿಗೆ ಎಳೆಯುತ್ತದೆ. ಎಳನೀರಿಗೆ ನಮ್ಮಲ್ಲಿ ಔಷಧಿಯ ಮರ್ಯಾದೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಕಿಡ್ನಿ ಸೋತಿದ್ದರಂತೂ ಅಪಾಯ.

ಇವತ್ತು ಡಾಕ್ಟರಿಗೆ ತೋರಿಸಿ ಬಂದ ಮೇಲೆ ಮನೆಯಲ್ಲಿ ಮೊದಲು ಅಳೆಯಿರಿ. ಬಚ್ಚಲಿನಲ್ಲಿ ಮಿ.ಲೀ. ಗೆರೆಯಿರುವ ಒಂದು ಜಗ್ ಇದಕ್ಕೆಂದೇ ಇಟ್ಟುಬಿಡಿ. ಬ್ಯಾಗ್ ಮೂರನೇ ಒಂದು ಭಾಗ ತುಂಬಿದಾಗ ಕ್ಲಿಪ್ ಬಿಚ್ಚಿ ಜಗ್ಗಿಗೆ ಸುರಿದು, ಅಳತೆ ಬರೆದು, ಆಮೇಲೆ ಚೆಲ್ಲಿ. ಮೂತ್ರವನ್ನೂ ಬೇರೆಯಾಗಿ ಅಳೆಯಿರಿ: ದಿನಕ್ಕೆ ಒಂದು ಲೀಟರಿನ ಆಸುಪಾಸಿನಲ್ಲಿರಬೇಕು. ‘ತುಂಬಾ ಹೋಗುತ್ತೆ ಸಾರ್’ ಅನ್ನುವುದಕ್ಕಿಂತ ಮೂರು ದಿನದ ಆ ಚೀಟಿ ಡಾಕ್ಟರಿಗೆ ಹೆಚ್ಚು ಹೇಳುತ್ತದೆ.

ಹೈ ಔಟ್‌ಪುಟ್ ಇರುವವರಿಗೆ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ದ್ರಾವಣ ಚೆನ್ನಾಗಿ ಹೊಂದುತ್ತದೆ. ಒಂದು ಲೀಟರ್ ನೀರಿಗೆ ಗ್ಲೂಕೋಸ್ ಪುಡಿ 20 ಗ್ರಾಂ, ಉಪ್ಪು 3.5 ಗ್ರಾಂ, ಅಡುಗೆ ಸೋಡಾ 2.5 ಗ್ರಾಂ. ಚಮಚದ ಲೆಕ್ಕ ಬೇಡ, ಮನೆಮನೆಗೆ ಚಮಚ ಬೇರೆ. ಗ್ರಾಮ್ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ತನ್ನಿ. ಬೇಕಿಂಗ್ ಪೌಡರ್ ಬೇರೆ, ಬಟ್ಟೆ ಸೋಡಾ ಬೇರೆ, ಎರಡೂ ಬೇಡ. ಗ್ಲೂಕೋಸ್ ಇರುವುದು ರುಚಿಗಲ್ಲ: ಕರುಳಿನ ಗೋಡೆ ಗ್ಲೂಕೋಸ್ ಮತ್ತು ಸೋಡಿಯಂ ಎರಡನ್ನೂ ಜೋಡಿಯಾಗಿ ಒಳಕ್ಕೆ ಎಳೆದುಕೊಳ್ಳುತ್ತದೆ. ಫ್ರಿಜ್ಜಿನಲ್ಲಿಟ್ಟು, ಬೇಕಿದ್ದರೆ ನಾಲ್ಕು ಹನಿ ನಿಂಬೆ ಹಿಂಡಿ, ದಿನವಿಡೀ ಗುಟುಕು ಗುಟುಕಾಗಿ ಕುಡಿಯಲಿ. 24 ಗಂಟೆ ದಾಟಿದ್ದನ್ನು ಚೆಲ್ಲಿ. ನೀರು, ಕಾಫಿ, ಟೀ, ಎಳನೀರು ಎಲ್ಲ ಸೇರಿ ಅರ್ಧದಿಂದ ಒಂದು ಲೀಟರ್ ಒಳಗಿರಲಿ. ಬಾಯಾರಿಕೆಯಿಂದ ಮೊದಲೆರಡು ದಿನ ಬೈದುಕೊಳ್ಳುತ್ತಾರೆ, ಸೋಲಬೇಡಿ. ಹೃದಯ, ಕಿಡ್ನಿ ತೊಂದರೆ, ಬಿಪಿ, ಶುಗರ್ ಇದ್ದರೆ ಎಷ್ಟು ಕುಡಿಯಬೇಕೆಂದು ಡಾಕ್ಟರೇ ಹೇಳಬೇಕು. ಮೂತ್ರ ಹೆಚ್ಚಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮರೆಯದೆ ಹೇಳಿ.

ಮೆಡಿಕಲ್ ಶಾಪಿನ ಓಆರ್‌ಎಸ್ ಪುಡಿಯಲ್ಲಿ ಸೋಡಿಯಂ ಲೀಟರಿಗೆ 75 ಮಿಲಿಮೋಲ್, ಮೇಲಿನ ದ್ರಾವಣದಲ್ಲಿ ಸುಮಾರು 90. ತಕ್ಷಣಕ್ಕೆ ಓಆರ್‌ಎಸ್ ಸಾಕು, ಆದರೆ ‘ಡಬ್ಲ್ಯೂಎಚ್‌ಒ ಫಾರ್ಮುಲಾ’ ಎಂದು ಬರೆದಿರುವ ಪ್ಯಾಕೆಟ್ಟೇ ಇರಲಿ. ರಟ್ಟಿನ ಡಬ್ಬಿಯ ಸಿಹಿ ಪಾನೀಯಗಳ ಹೆಸರಿನಲ್ಲಿ ‘ಓಆರ್‌ಎಸ್’ ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶಿಸಿದ್ದೇ ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪು ಕಡಿಮೆ ಎಂಬ ಕಾರಣಕ್ಕೆ.

ಊಟದ ಜೊತೆ ಕುಡಿಯುವುದು ಬೇಡ. ಅರ್ಧ ಗಂಟೆ ಹಿಂದೆ-ಮುಂದೆ ಇರಲಿ. ಮೆತ್ತಗೆ ಬೇಯಿಸಿದ ಅನ್ನ, ಗಟ್ಟಿ ಮೊಸರು, ಇಡ್ಲಿ, ಆಲೂಗೆಡ್ಡೆ, ಸಬ್ಬಕ್ಕಿ, ಬಾಳೆಹಣ್ಣು ಮಲವನ್ನು ಗಟ್ಟಿ ಮಾಡುತ್ತವೆ. ಉಪ್ಪು ಹಾಕಿದ ಗಂಜಿ ಒಳ್ಳೆಯದು. ಮೊದಲ ಆರೆಂಟು ವಾರ ನುಗ್ಗೆಕಾಯಿ, ತೆಂಗಿನಕಾಯಿ ಚೂರು, ಹಲಸಿನ ತೊಳೆ, ಮೆಕ್ಕೆಜೋಳ, ಅಣಬೆ, ಇಡೀ ಕಡಲೆಬೀಜ ಬೇಡ: ಸ್ಟೋಮಾದ (ಹೊಟ್ಟೆಯ ಮೇಲೆ ಕರುಳು ತೆರೆದಿರುವ ಜಾಗ) ಬಾಯಲ್ಲಿ ಉಂಡೆಗಟ್ಟಿ ಕಟ್ಟಿಕೊಳ್ಳಬಹುದು. ಮುದ್ದೆ ತಿನ್ನುವ ಮನೆಗಳಿಗೆ ಒಂದು ಮಾತು. ಮುದ್ದೆಯ ಜೊತೆ ಬಸ್ಸಾರಿನ ಸೊಪ್ಪು, ಕಾಳು ಕೂಡ ಅಗಿಯದೆ ಗುಳುಂ ಎಂದು ಇಳಿಯುತ್ತವೆ. ಸದ್ಯಕ್ಕೆ ಸಾರನ್ನು ಸೋಸಿ ಬಡಿಸಿ. ಏಕಾದಶಿ, ಶನಿವಾರದ ಉಪವಾಸವೂ ಬೇಡ. ತಿನ್ನದಿದ್ದರೂ ಕರುಳಿನ ರಸ ಸುರಿಯುತ್ತಲೇ ಇರುತ್ತದೆ, ಬ್ಯಾಗಿನಲ್ಲಿ ಗ್ಯಾಸ್ ತುಂಬುತ್ತದೆ.

ಇಷ್ಟಾದರೂ ಬ್ಯಾಗಿಗೆ ಬರುವುದು ಇಳಿಯದಿದ್ದರೆ, ಸೋಂಕಿಲ್ಲವೆಂದು ಖಚಿತಪಡಿಸಿಕೊಂಡು ಡಾಕ್ಟರು ಕರುಳಿನ ಓಟ ನಿಧಾನ ಮಾಡುವ ಲೋಪೆರಮೈಡ್ ಮಾತ್ರೆ ಕೊಡುತ್ತಾರೆ. ಅದನ್ನು ಊಟಕ್ಕೆ ಅರ್ಧ ಗಂಟೆ ಮೊದಲು ನುಂಗಬೇಕು. ಊಟದ ನಂತರ ನುಂಗಿದರೆ ಅರ್ಧ ಪ್ರಯೋಜನ ಹೋಯಿತು. ಬ್ಯಾಗಿನಲ್ಲಿ ಯಾವುದಾದರೂ ಮಾತ್ರೆ ಇಡಿಯಾಗಿ ಕಂಡರೆ ತಿಳಿಸಿ. ನಿಧಾನವಾಗಿ ಕರಗುವ ಮಾತ್ರೆಗಳು ಈ ಚಿಕ್ಕ ದಾರಿಯಲ್ಲಿ ಕರಗುವ ಮೊದಲೇ ಹೊರಬೀಳುತ್ತವೆ.

ಇದಕ್ಕೆ ತದ್ವಿರುದ್ಧವಾಗಿ ನಾಲ್ಕಾರು ಗಂಟೆ ಏನೂ ಬಾರದೆ, ಹೊಟ್ಟೆ ಹಿಂಡಿ, ಸ್ಟೋಮಾ ಊದಿಕೊಂಡು, ವಾಂತಿಯಾದರೆ ಕರುಳು ಕಟ್ಟಿಕೊಂಡಿರಬಹುದು. ಊಟ ನಿಲ್ಲಿಸಿ ಆಸ್ಪತ್ರೆಗೆ ಹೊರಡಿ. ಭೇದಿ ಮಾಡಿಸುವ ಮಾತ್ರೆ ಕೊಡಲೇಬೇಡಿ.

ಕೊಲಾಸ್ಟಮಿ (ಸಣ್ಣ ಕರುಳಿನ ಬದಲು ದೊಡ್ಡ ಕರುಳನ್ನು ಹೊಟ್ಟೆಯ ಮೇಲೆ ತೆರೆದಿರುವುದು) ಇರುವವರು ಇದನ್ನು ಓದಿ ನೀರು ಕಡಿಮೆ ಮಾಡಬಾರದು. ಅವರಲ್ಲಿ ದೊಡ್ಡ ಕರುಳಿನ ಬಹುಭಾಗ ಸಾಮಾನ್ಯವಾಗಿ ಕೆಲಸದಲ್ಲೇ ಇರುತ್ತದೆ. ನೀರು, ನಾರು ಕಡಿಮೆಯಾದರೆ ಅವರಿಗೆ ಬರುವುದು ಮಲಬದ್ಧತೆ.