ಪದ ಪರಿಚಯ: ಬೆಂಚರೊಂಗ್

ಥಾಯ್ಲೆಂಡಿನ ಬಣ್ಣಬಣ್ಣದ ಬಟ್ಟಲಿನ ಚಿತ್ರದಡಿ ‘ಸುಖೋಥಾಯ್ ಕಾಲದ ಬೆಂಚರೊಂಗ್’ ಎಂಬ ವಿವರಣೆ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿದೆ. ಸುಖೋಥಾಯ್ ಎಂಬ ಹಳೆಯ ಥಾಯ್ ರಾಜ್ಯ 15ನೆಯ ಶತಮಾನದಲ್ಲೇ ಅಯುತ್ಥಯಾ ರಾಜ್ಯದಲ್ಲಿ ಲೀನವಾಯಿತು. ಬೆಂಚರೊಂಗ್ ಎಂಬ ಬಣ್ಣದ ಚಿತ್ತಾರದ ಪಿಂಗಾಣಿಯ ಬಳಕೆ ಹೆಚ್ಚಿದ್ದು 18 ಮತ್ತು 19ನೆಯ ಶತಮಾನಗಳಲ್ಲಿ. ನಡುವಿನ ಈ ಅಂತರವನ್ನು ಒಂದು ಪದದಿಂದ ಅಳಿಸಿಹಾಕುವುದು ಸರಿಯಲ್ಲ.

ಪದವಂತೂ ನಮಗೆ ಹೊರಗಿನದಲ್ಲ. ಸಂಸ್ಕೃತದ ‘ಪಂಚ’ ಮತ್ತು ‘ರಂಗ’ ಕೂಡಿ ಆದ ಸಮಾಸವಿದು; ಇಲ್ಲಿನ ರಂಗವು ರಂಗಭೂಮಿಯದಲ್ಲ, ರಂಗಿನದು. ಸಂಸ್ಕೃತ ಮತ್ತು ಪಾಳಿಯಿಂದ ಹೋದ ಪದಗಳ ಮೊದಲಿನ ಪಕಾರ ಥಾಯ್ ನುಡಿಯಲ್ಲಿ ಹಲವೆಡೆ ಬಕಾರವಾಗುತ್ತದೆ. ‘ಪುರಿ’ ಎಂಬುದು ‘ಬುರಿ’ಯಾಗಿ ಕಾಂಚನಬುರಿ, ಫೆಚ್ಚಬುರಿ ಎಂಬ ಊರುಗಳಾದದ್ದು ಹೀಗೆ. ಕೊನೆಯ ಅಕಾರ ಬಿದ್ದುಹೋಗಿ ಅದರ ಹಿಂದಿನ ಅಕಾರ ಒಕಾರದತ್ತ ವಾಲುವುದೂ ಅಲ್ಲಿ ಸಾಮಾನ್ಯ; ‘ನಗರ’ವು ‘ನಖೋನ್’ ಆದಂತೆ ‘ರಂಗ’ವು ‘ರೊಂಗ್’ ಆಯಿತು. ಆದರೆ ಹೆಸರಿನಲ್ಲಿ ಐದಿದೆಯೆಂದು ಬಟ್ಟಲಿನ ಬಣ್ಣಗಳನ್ನು ಎಣಿಸಿ ಬೆಂಚರೊಂಗ್ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರಿಗೆ ಏನೆನ್ನಬೇಕು? ಕೆಂಪು, ಹಳದಿ, ಹಸಿರು, ಕಪ್ಪು, ಬಿಳಿ ಮುಖ್ಯವಾದರೂ, ಐದಕ್ಕಿಂತ ಕಡಿಮೆ ಬಣ್ಣದವೂ ಹೆಚ್ಚು ಬಣ್ಣದವೂ ಧಾರಾಳವಾಗಿವೆ. ಚೀನೀಯರ ಬಣ್ಣದ ಪಿಂಗಾಣಿಗಿರುವ ‘ವುಚಾಯ್’ ಎಂಬ ಹೆಸರಿನ ಅರ್ಥವೂ ಐದು ಬಣ್ಣವೇ. ಅಲ್ಲಿಯೂ ಯಾರೂ ಲೆಕ್ಕ ಹಿಡಿದು ಕೂರುವುದಿಲ್ಲ.

ಬೆಂಚರೊಂಗ್ ಎಂಬುದು ಮಣ್ಣಿನ ಹೆಸರಲ್ಲ, ಅಲಂಕಾರದ ರೀತಿಯ ಹೆಸರು. ಸಯಾಮಿನ, ಅಂದರೆ ಅಂದಿನ ಥಾಯ್ಲೆಂಡಿನ, ಅರಮನೆಯ ಅಭಿರುಚಿಗೆ ತಕ್ಕ ವಿನ್ಯಾಸಗಳನ್ನು ಹೇಳಿ ಚೀನಾದಲ್ಲಿ ಮಾಡಿಸಿ ತರಿಸಿಕೊಂಡ ಪಿಂಗಾಣಿಯಿದು. ಒಮ್ಮೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಹಾಕಿ ಸುಟ್ಟ ಬಿಳಿ ಪಾತ್ರೆಯ ಮೇಲೆ ಗಾಜಿನಂಶದ ಎನಾಮೆಲ್ ಬಣ್ಣ ತುಂಬಿ, ಕಡಿಮೆ ಕಾವಿನಲ್ಲಿ ಮತ್ತೆ ಸುಡುತ್ತಾರೆ. ಹಾಗಾಗಿ ಬೆರಳಾಡಿಸಿದರೆ ಬಣ್ಣ ತುಸು ಉಬ್ಬಿರುವುದು ತಿಳಿಯುತ್ತದೆ. ಹಳೆಯ ಮುಚ್ಚಳದ ಪಾತ್ರೆಯೊಂದನ್ನು ನೋಡಿ: ಕಡುಬಣ್ಣದ ಹಿನ್ನೆಲೆ, ಅದರ ಮೇಲೆ ಜ್ವಾಲೆಯಂತೆ ಚಾಚಿದ ಬಳ್ಳಿ, ನಡುವಿನ ಚೌಕಟ್ಟಿನೊಳಗೆ ಕೈಮುಗಿದು ಕುಳಿತ ದೇವತೆ. ‘ಥೆಪ್ಪನೊಮ್’ ಎನ್ನುವ ಈ ದೇವತೆ ಚೀನಾದ ಕುಶಲಕರ್ಮಿಗೆ ಪರಿಚಿತನಲ್ಲ. ಆದ್ದರಿಂದಲೇ ಕೆಲವೆಡೆ ಅವನ ಮುಖದಲ್ಲಿ ಚೀನೀ ಛಾಯೆ ಇಣುಕುತ್ತದೆ. ಎರಡು ನಾಡಿನ ಕೈಗಳು ಒಂದೇ ಪಾತ್ರೆಯಲ್ಲಿ ಸೇರಿದ್ದನ್ನು ಕಾಣಲು ಇದಕ್ಕಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಸುಖೋಥಾಯ್ ಆವಿಗೆಗಳ ಕೆಲಸವೇ ಬೇರೆ. ಅದು ಪಿಂಗಾಣಿಯಲ್ಲ, ಗಡುಸಾಗಿ ಸುಟ್ಟ ಒರಟು ಜೇಡಿಯ ಸ್ಟೋನ್‌ವೇರ್. ಬಿಳಿ ಜೇಡಿಯನ್ನು ತೆಳುವಾಗಿ ಬಳಿದು, ಕಬ್ಬಿಣಾಂಶದ ಕಪ್ಪು ಬಣ್ಣದಲ್ಲಿ ಮೀನನ್ನೋ ಹೂವನ್ನೋ ಬರೆದು, ಅದರ ಮೇಲೆ ಪಾರದರ್ಶಕ ಗ್ಲೇಜ್ ಹಾಕುತ್ತಿದ್ದರು. ಚಿತ್ರ ಗ್ಲೇಜಿನ ಕೆಳಗಿರುತ್ತದೆ. ಸನಿಹದ ಸಿ ಸಚ್ಚನಾಲಯದ ಆವಿಗೆಗಳು ಸೆಲಡಾನ್ ಎಂಬ ಹಸಿರು ಗ್ಲೇಜಿನ ಪಾತ್ರೆಗಳಿಗೆ ಹೆಸರಾದವು. ‘ಸಂಗಲೋಕ್’ ಎಂಬ ಹೆಸರು ಸಲ್ಲಬೇಕಾದದ್ದು ಈ ಪಾತ್ರೆಗಳಿಗೆ. ಫಿಲಿಪೈನ್ಸ್, ಇಂಡೊನೇಷ್ಯಾ, ಜಪಾನಿನವರೆಗೆ ಹಡಗೇರಿ ಹೋದವೂ ಇವೇ.

ಚಿನ್ನದ ನೀರು ಸೇರಿಸಿ ಮಾಡಿದ ಬಗೆಗೆ ‘ಲಾಯ್ ನಾಮ್ ಥೊಂಗ್’ ಎಂಬ ಬೇರೆ ಹೆಸರೇ ಇದೆ. ಸಯಾಮಿನ ದೊರೆ ಎರಡನೆಯ ರಾಮನ (ಆಳ್ವಿಕೆ 1809–1824) ಆಸ್ಥಾನದಲ್ಲಿ ಅದಕ್ಕೆ ವಿಶೇಷ ಮನ್ನಣೆಯಿತ್ತು. ಈಗಂತೂ ಬೆಂಚರೊಂಗ್ ಥಾಯ್ಲೆಂಡಿನಲ್ಲೇ, ಸಮುತ್ ಸಾಖೋನ್ ಪ್ರಾಂತದ ದೋನ್ ಕಾಯ್ ದೀ ಎಂಬಲ್ಲಿ, ಕೈಯಿಂದಲೇ ಬಣ್ಣ ತುಂಬಿಸಿಕೊಂಡು ಸಿದ್ಧವಾಗುತ್ತದೆ.